ಕೆರೆ ಏರಿಯ ಎರಡೂ ಮಗ್ಗುಲು

ಎತ್ತರಕ್ಕೆ ಹೋದರೆ ತಲೆ ತಿರುಗುತ್ತದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ನನ್ನ ತಲೆ ನೆಟ್ಟಗಾದದ್ದೇ ಎತ್ತರಕ್ಕೆ ಹೋದ ಮೇಲೆ. ಹದಿಮೂರು ವರ್ಷ ನೆಲದ ಮೇಲೆ ಓಡಾಡಿಕೊಂಡು, ನಮ್ಮ ಮನೆಯ ಮೂಲೆ ಮೂಲೆ ಗೊತ್ತು ಅಂದುಕೊಂಡಿದ್ದೆ. ಮನೆಯವರು ಎಂಥವರು ಅನ್ನುವುದು ಕಂಡದ್ದು ಒಂದು ಕಬ್ಬಿಣದ ತೊಟ್ಟಿಲಲ್ಲಿ ಕೂತು ಆಕಾಶದಲ್ಲಿ ನೇತಾಡುತ್ತಿದ್ದಾಗ. ನಂಬದವರು ನಂಬದೆ ಇರಲಿ, ನಾನೇನು ಅವರ ಮನೆ ಬಾಗಿಲಿಗೆ ಹೋಗಿ ಹೇಳುತ್ತಿಲ್ಲ.

ಅದು ಐವತ್ತೊಂಬತ್ತನೇ ಇಸವಿಯ ಬೇಸಿಗೆ. ಶಿಡ್ಲಘಟ್ಟದ ಅಂಚಿನಲ್ಲಿ, ಕೆರೆಯ ಪಕ್ಕದ ಬಯಲಿಗೆ ಎಕ್ಸಿಬಿಷನ್ ಬಂತು. ಹಲಗೆಯ ಬಾವಿಯೊಳಗೆ ಗೋಡೆ ಮೇಲೇ ಮೋಟಾರ್ ಸೈಕಲ್ ಓಡಿಸುವವನು ಬಂದ. ನಮ್ಮನ್ನು ಗಿಡ್ಡ ಮಾಡಿ, ಉದ್ದ ಮಾಡಿ, ಹೊಟ್ಟೆ ಉಬ್ಬಿಸಿ ತೋರಿಸುವ ಕನ್ನಡಿಗಳು ಬಂದವು. ಮೈಯೇ ಇಲ್ಲದೆ ಮೇಜಿನ ಮೇಲೆ ಬರೀ ತಲೆ ಇಟ್ಟುಕೊಂಡು ಮಾತಾಡುವ ಹೆಂಗಸೂ ಬಂದಳು. ಇವೆಲ್ಲದರ ನಡುವೆ, ಮೈತುಂಬ ಬಣ್ಣದ ಬಲ್ಬು ಕಟ್ಟಿಕೊಂಡು, ದೊಡ್ಡ ಚಕ್ರ ನಿಂತಿತು. ಬೋರ್ಡಿನಲ್ಲಿ ಜೈಂಟ್ ವೀಲ್ ಅಂತ ಬರೆದಿದ್ದರು. ಹುಟ್ಟಿದಾಗಿನಿಂದ ರೇಷ್ಮೆ ನೂಲು ಸುತ್ತುವ ರಾಟೆ ನೋಡಿದ ಜನ ನಾವು, ಬೋರ್ಡು ಯಾರಿಗೆ ಬೇಕು? ಮೊದಲ ಸಂಜೆಯೇ ಅದಕ್ಕೆ ದೊಡ್ಡರಾಟೆ ಅಂತ ಹೆಸರಾಯಿತು.

ಊರಿಗೆ ಊರೇ ಸಂಜೆಯಾದರೆ ಬಯಲಿಗೆ ಹೋಗುತ್ತಿತ್ತು. ನಮ್ಮ ಮನೆಯಿಂದ ಹೋಗದವರು ಇಬ್ಬರೇ. ಒಬ್ಬರು ನಮ್ಮಪ್ಪ ವೆಂಕಟರಾಮಪ್ಪ, ಅವರಿಗೆ ಅದೆಲ್ಲ ಕೆಲಸವಿಲ್ಲದವರ ಆಟ. ಇನ್ನೊಬ್ಬರು ಅಪ್ಪನ ತಾಯಿ, ನಮ್ಮಜ್ಜಿ ಓಬಳಮ್ಮ. ಅಜ್ಜಿಗೆ ಮಂಡಿ ನೋವು. ಜಗಲಿಯಿಂದ ಹಿತ್ತಲಿಗೆ ಹೋಗಬೇಕಾದರೂ ಕೋಲು ಊರಿಕೊಂಡು, ನಾಲ್ಕು ಸಲ 'ಅಯ್ಯಪ್ಪಾ' ಅಂದುಕೊಂಡು ಹೋಗುತ್ತಿದ್ದಳು.

ನಮ್ಮದು ಹುಳದ ಮನೆ. ಎಕ್ಸಿಬಿಷನ್ ಬಂದ ವಾರವೇ ನಮ್ಮ ರೇಷ್ಮೆಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ತಿನ್ನುವುದು ಬಿಟ್ಟು, ತಲೆ ಎತ್ತಿ ನಿದ್ದೆ ಮಾಡಿ, ಪೊರೆ ಕಳಚುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಅದರ ಹಸಿವು ನೋಡಬೇಕು. ಹಿಪ್ಪುನೇರಳೆ ಸೊಪ್ಪು ಹಾಕಿ ಬಾಗಿಲು ಮುಚ್ಚಿದರೆ ಒಳಗೆ ಮಳೆ ಬಂದಂತೆ ಸದ್ದು. ಆ ಏಳೆಂಟು ದಿನ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಗೂಡು ತೆಳ್ಳಗಾಗುತ್ತದೆ, ವರ್ಷದ ದುಡಿಮೆ ಮಣ್ಣು.

ಅದೇ ವಾರ ನಮ್ಮ ತೋಟದಲ್ಲಿ ಸೊಪ್ಪು ಕಳುವಾಗತೊಡಗಿತು.

ತೋಟ ಕೆರೆ ಏರಿಯ ಕೆಳಗೆ. ಏರಿಗೆ ಹತ್ತಿಕೊಂಡ ಸಾಲುಗಳಲ್ಲಿ ದಿನಾ ಸಂಜೆ ಒಂದು ಹೊರೆ ಸೊಪ್ಪು ಮಾಯ. ಒರಟಾಗಿ ಕೊಂಬೆ ಮುರಿದದ್ದಲ್ಲ, ಬಲಿತ ಎಲೆ ಆರಿಸಿ, ಕುಡಿ ಉಳಿಸಿ, ತೊಟ್ಟು ನೋಯದಂತೆ ಬಿಡಿಸಿದ್ದು. ಇದು ಕೆಲಸ ಬಲ್ಲವರ ಕೈ ಅಂದರು ಅಪ್ಪ. ಊರೆಲ್ಲ ದೊಡ್ಡರಾಟೆಯ ಕೆಳಗೆ ಬಾಯಿ ಬಿಟ್ಟುಕೊಂಡು ನಿಂತಿರುವ ಹೊತ್ತಿನಲ್ಲಿ ತೋಟದಲ್ಲಿ ಇರುತ್ತಿದ್ದ ಕೆಲಸ ಬಲ್ಲವನು ಒಬ್ಬನೇ, ಕಾವಲಿನ ಪಾಪಯ್ಯ. ಅಪ್ಪನಿಗೆ ಅಷ್ಟೇ ಸಾಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಅಂತ ಮಂಗಳವಾರ ನಾಲ್ಕು ಜನರ ಎದುರಿಗೇ ಅಂದುಬಿಟ್ಟರು.

ಪಾಪಯ್ಯ ನಮ್ಮ ತಾತನ ಕಾಲದಿಂದ ಇದ್ದವನು. ನನಗೆ ಸೊಪ್ಪು ಬಿಡಿಸುವುದು, ಈಜುವುದು, ಸುಳ್ಳು ಹೇಳದೆ ಸುಮ್ಮನಿರುವುದು, ಮೂರನ್ನೂ ಕಲಿಸಿದವನು ಅವನೇ. ಅವನು ಕದ್ದ ಅಂದರೆ ನಾನು ನಂಬುತ್ತೇನೆಯೇ? ಸಿಟ್ಟು ನೆತ್ತಿಗೇರಿತು. ಆದರೆ ಹದಿಮೂರರ ಹುಡುಗಿಯ ಸಿಟ್ಟನ್ನು ಯಾರು ಕೇಳುತ್ತಾರೆ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮೇಲಾದರೂ ಅಪವಾದ ಬಂದರೆ ಅವರು ಮಿಂದು ಬಂದು ಹುಳದ ತಟ್ಟೆಯ ಮೇಲೆ ಕೈ ಇಟ್ಟು, 'ನಾ ಕದ್ದಿಲ್ಲ, ಕದ್ದೋರ್ನ ಕಂಡಿಲ್ಲ' ಅನ್ನಬೇಕು. ಸುಳ್ಳು ಹೇಳಿದರೆ ಹುಳಕ್ಕೆ ಸುಣ್ಣ ಕಟ್ಟುತ್ತದೆ ಅನ್ನುವ ನಂಬಿಕೆ. ಅಂದರೆ ಹುಳ ಸತ್ತು, ಬೆಳ್ಳಗೆ ಸುಣ್ಣದ ಕಡ್ಡಿಯಂತೆ ಸೆಟೆದುಕೊಳ್ಳುವ ರೋಗ. ತಟ್ಟೆ ಮುಟ್ಟಿ ಸುಳ್ಳು ಹೇಳಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಬುಧವಾರ ಅಪ್ಪ ಪಾಪಯ್ಯನಿಗೆ ತಟ್ಟೆ ಮುಟ್ಟು ಅಂದರು. ಪಾಪಯ್ಯ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಆಗಲ್ಲ ಯಜಮಾನ್ರೇ ಅಂದ. ಯಾಕೆ ಅಂದರೆ ಆ ಟವಲನ್ನೇ ಮಡಿಸತೊಡಗಿದ. ಶುಕ್ರವಾರ ಬೆಳಿಗ್ಗೆಯವರೆಗೂ ಗಡುವು, ಮುಟ್ಟಿದರೆ ಸರಿ, ಇಲ್ಲದಿದ್ದರೆ ಗಂಟು ಮೂಟೆ ಕಟ್ಟಿಕೊಂಡು ಹೊರಡು ಅಂದರು ಅಪ್ಪ.

ಅದೇ ನನಗೆ ಬಿಡಿಸಲಾಗದ ಒಗಟು. ಕದ್ದಿಲ್ಲದವನು ಕದ್ದಿಲ್ಲ ಅನ್ನಲು ಏನು ಕಷ್ಟ? ಹಿತ್ತಲಿಗೆ ಹೋಗಿ ಅವನನ್ನೇ ಕೇಳಿದೆ. ಅವನು ಮಚ್ಚು ಮಸೆಯುತ್ತಿದ್ದ, ತಲೆ ಎತ್ತಲಿಲ್ಲ.

"ಕಣ್ಗೆ ಕಂಡಿದ್ದೆಲ್ಲ ಬಾಯ್ಗೆ ಬರಬಾರ್ದಮ್ಮ ಕದಿರಮ್ಮ," ಅಂದ.

ಆವತ್ತು ಸಂಜೆ ಪಕ್ಕದ ಮನೆಯ ಕೊಂಡಮ್ಮನ ಜೊತೆ ನಾನು ಮೊದಲ ಸಲ ದೊಡ್ಡರಾಟೆ ಹತ್ತಿದೆ. ಕೊಂಡಮ್ಮನೂ ನನ್ನ ವಯಸ್ಸಿನವಳೇ. ರಾಟೆ ನಡೆಸುವವನು ಚಿಂತಾಮಣಿ ಕಡೆಯ ಮುನಿಗಂಗಪ್ಪ, ಅರ್ಧ ಕನ್ನಡ, ಅರ್ಧ ತೆಲುಗು. ಅವನಿಗೆ ಹಿಪ್ಪುನೇರಳೆ ಹಣ್ಣೆಂದರೆ ಪ್ರಾಣ. ಮಡಿಲು ತುಂಬ ಹಣ್ಣು ತಂದುಕೊಟ್ಟರೆ ಟಿಕೆಟ್ ಕೇಳುತ್ತಿರಲಿಲ್ಲ. ಎಂಜಿನ್ ಡುಗುಡುಗು ಅಂತು, ತೊಟ್ಟಿಲು ಮೇಲಕ್ಕೆದ್ದಿತು, ಹೊಟ್ಟೆ ಮಾತ್ರ ಕೆಳಗೇ ಉಳಿಯಿತು. ಕಣ್ಣು ಮುಚ್ಚಿಕೊಂಡು ಕಿರುಚಿದ್ದೇ ಕಿರುಚಿದ್ದು. ಇಳಿದಾಗ, ಮೇಲೆ ಏನು ಕಾಣುತ್ತೆ ಅಂತ ಯಾರೋ ಕೇಳಿದರು, ಏನೂ ಇಲ್ಲ ಅಂದೆ. ಆಮೇಲೆ ನನ್ನ ಮೇಲೇ ನನಗೆ ನಾಚಿಕೆಯಾಯಿತು. ಕೊಂಡಮ್ಮ ಇನ್ನು ಸತ್ತರೂ ಹತ್ತಲ್ಲ ಅಂದಳು. ನಾನೊಬ್ಬಳೇ ತಿರುಗಿ ಹತ್ತಿದೆ.

ಈ ಸಲ ತುದಿಯಲ್ಲಿ ರಾಟೆ ನಿಂತಿತು. ಕೆಳಗೆ ಒಂದೊಂದೇ ತೊಟ್ಟಿಲಿಗೆ ಜನ ಹತ್ತಿಸುವಾಗ ಮೇಲಿನವರು ಹಾಗೆ ನಿಲ್ಲಬೇಕು. ಕಂಬಿ ಬಿಗಿಯಾಗಿ ಹಿಡಿದು ಒಂದು ಕಣ್ಣು ಬಿಟ್ಟೆ. ಆಮೇಲೆ ಎರಡನ್ನೂ ಬಿಟ್ಟೆ.

ಅಬ್ಬಾ! ಏನು ಹೇಳಲಿ. ನಂದಿಬೆಟ್ಟ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು, ಅದರ ಪಕ್ಕಕ್ಕೆ ಕಳವಾರದ ಬೆಟ್ಟ, ನಡುವೆ ಇಳಿಯುತ್ತಿದ್ದ ಸೂರ್ಯ. ನಮ್ಮೂರು ಇಷ್ಟೇನಾ ಅನ್ನಿಸಿತು, ಇಷ್ಟೊಂದಾ ಅಂತಲೂ ಅನ್ನಿಸಿತು. ಹಂಚು, ಹುಲ್ಲುಮಾಳಿಗೆ, ಬಾವಿ, ಹಿತ್ತಲಲ್ಲಿ ಒಣಗಿದ ಸೀರೆ, ಎಲ್ಲ ಒಟ್ಟಿಗೆ. ದಿಬ್ಬೂರಹಳ್ಳಿ ಕಡೆಯ ರಸ್ತೆ ಬೆಳ್ಳಗೆ ಹೋಗುತ್ತಾ ಹೋಗುತ್ತಾ ಆಕಾಶದೊಳಗೆ ಸೇರಿಹೋಗಿತ್ತು. ಅಳು ಬಂತು, ಯಾಕೆ ಅಂತ ಗೊತ್ತಿಲ್ಲ. ದೇವರು ದಿನಾ ಇದನ್ನೇ ನೋಡುತ್ತಾ ಕೂತಿರುತ್ತಾನಲ್ಲ, ಅದಕ್ಕೇ ನಾವು ಕರೆದರೆ ಅವನಿಗೆ ಕೇಳಿಸುವುದಿಲ್ಲ ಅಂದುಕೊಂಡೆ.

ಆಗ ಕೆರೆ ಏರಿ ಕಂಡಿತು. ನೆಲದ ಮೇಲಿದ್ದರೆ ಏರಿ ಒಂದು ಗೋಡೆ. ಈ ಕಡೆ ನಿಂತವರಿಗೆ ತೋಟ ಮಾತ್ರ, ಆ ಕಡೆಯವರಿಗೆ ಕೆರೆ ಅಂಗಳ ಮಾತ್ರ. ರಾಟೆಯ ತುದಿಯಿಂದ ಎರಡೂ ಮಗ್ಗುಲು ಒಂದೇ ಸಲಕ್ಕೆ ಕಾಣುತ್ತವೆ ಅಂತ ಯಾರು ಕನಸು ಕಂಡಿದ್ದರು?

ಈಚೆ ಮಗ್ಗುಲಲ್ಲಿ, ನಮ್ಮ ತೋಟದಿಂದ ಒಂದು ಸಣ್ಣ ಆಕಾರ ಹೊರೆ ಹೊತ್ತುಕೊಂಡು ಏರಿ ಹತ್ತುತ್ತಿತ್ತು. ಎಡಕ್ಕೆ ವಾಲಿಕೊಂಡು, ಸರಸರ ಅಂತ. ಮುಖ ಕಾಣದಷ್ಟು ದೂರ, ಆದರೆ ನಮ್ಮವರ ನಡಿಗೆ ನಮಗೆ ಗೊತ್ತಾಗುವುದಿಲ್ಲವೇ? ಕೋಲಿಲ್ಲ, 'ಅಯ್ಯಪ್ಪಾ' ಇಲ್ಲ, ನಮ್ಮಜ್ಜಿ ಓಬಳಮ್ಮ ಮೇಕೆಯ ಹಾಗೆ ಏರಿ ಹತ್ತಿ, ಆಚೆ ಇಳಿದು, ತೂಬಿನ ಪಕ್ಕದ ಹುಣಸೆಮರದ ಕೆಳಗೆ ಹೊರೆ ಇಳಿಸಿದಳು. ಆಚೆ ದಡದಿಂದ ಇನ್ನೊಂದು ಆಕಾರ ಒಣಗಿದ ಕೆರೆ ಅಂಗಳವನ್ನು ಅಡ್ಡ ಹಾಯ್ದು ಓಡಿ ಬರುತ್ತಿತ್ತು. ಅದೂ ಎಡಕ್ಕೆ ವಾಲಿಕೊಂಡೇ. ಇಬ್ಬರೂ ಮರದ ಕೆಳಗೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಅಷ್ಟರಲ್ಲಿ ರಾಟೆ ಇಳಿಯಿತು.

ಆಚೆಯಿಂದ ಓಡಿ ಬಂದವಳು ನಮ್ಮತ್ತೆ ಚಿಕ್ಕವೆಂಕಟಮ್ಮ, ಅಪ್ಪನ ತಂಗಿ. ಕೆರೆಯ ಆಚೆ ದಡದ ಹಳ್ಳಿಗೆ ಕೊಟ್ಟಿದ್ದರು. ಆರು ವರ್ಷದಿಂದ ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಆದದ್ದು ಇಷ್ಟೇ. ಮದುವೆಯಾಗಿ ಮೊದಲ ಸಲ ತವರಿಗೆ ಬಂದವಳು, ತಾಯಿಯನ್ನು ನೋಡುವ ಸಂತೋಷದಲ್ಲಿ ಕಾಲು ತೊಳೆಯುವುದನ್ನು ಮರೆತು, ನೆಟ್ಟಗೆ ಹುಳದ ಕೋಣೆಗೆ ಓಡಿದಳು. ಅವಳ ಗಂಡನ ಮನೆಯಲ್ಲಿ ಆಗ ಹುಳಕ್ಕೆ ಸುಣ್ಣದ ರೋಗ. ಐದು ದಿನಕ್ಕೆ ನಮ್ಮ ಹುಳವೂ ಬೆಳ್ಳಗೆ ಸೆಟೆಯಿತು. ತಟ್ಟೆ ತಟ್ಟೆ ಹುಳವನ್ನು ಅಪ್ಪ ಗುಂಡಿ ತೋಡಿ ಹೂತರು, ಆಮೇಲೆ ತಂಗಿಗೆ ಇನ್ನು ಈ ಹೊಸಲು ತುಳಿಯಬೇಡ ಅಂದರು. ಅವಳ ಗಂಡ ನರಸಿಂಹಪ್ಪನೂ ರೋಷದವನು, ನಿಮ್ಮ ಹೊಸಲು ನಿಮಗೇ ಇರಲಿ ಅಂದ. ಹೊಸಲಿನ ಈಚೆ ಆಚೆ ಗಂಡಸರು ನಿಂತರು, ನಡುವೆ ಅಜ್ಜಿ ಸಿಕ್ಕಿಕೊಂಡಳು.

ಈಗ ನೆನಪಾಯಿತು, ಹೋದ ವಾರ ಯಾರೋ ಹೇಳಿದ್ದರು, ನರಸಿಂಹಪ್ಪನ ತೋಟಕ್ಕೆ ಕುರಿಮಂದೆ ನುಗ್ಗಿ ಒಂದೆಲೆ ಬಿಡದೆ ಮೇಯ್ದಿದೆ ಅಂತ. ಅವರ ಹುಳವೂ ನಮ್ಮ ಹುಳದಷ್ಟೇ ಹಸಿದಿರಬೇಕು.

ಮನೆಗೆ ಬಂದರೆ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಹರಳೆಣ್ಣೆ ತಿಕ್ಕೇ ಅಂದಳು. ತಿಕ್ಕಿದೆ. ಅವಳ ಹಿಮ್ಮಡಿಯ ಬಿರುಕಿನಲ್ಲಿ ಕೆರೆಯ ಕಪ್ಪು ಮಣ್ಣು ಇತ್ತು. ಒಂದು ಹೊರೆ ಹಸಿ ಸೊಪ್ಪು ಹೊತ್ತು ದಿನಾ ಏರಿ ಹತ್ತಿಳಿಯುವ ಮಂಡಿ ಇದು. ಸುಳ್ಳು ನೋವಲ್ಲ, ಎಣ್ಣೆ ತಾಗಿದರೆ ನಿಜವಾಗಿಯೂ ನಡುಗುತ್ತಿತ್ತು. ನನಗೆ ಕೋಪ ಬರಬೇಕಾಗಿತ್ತು, ಪಾಪಯ್ಯನ ತಲೆ ಮೇಲೆ ಅಪವಾದ ಕೂತಿರುವಾಗ ಇವಳು ಸುಮ್ಮನಿದ್ದಾಳಲ್ಲ ಅಂತ. ಕೋಪ ಬಂತು ಕೂಡ. ಆದರೂ ಆ ಮಂಡಿಯನ್ನು ಮುಟ್ಟುವಾಗ ದೇವರ ಪಾದ ಮುಟ್ಟಿದಂತೆ ಕೈ ತಾನೇ ಮೆತ್ತಗಾಯಿತು.

ಪಾಪಯ್ಯನ ಒಗಟೂ ಬಿಡಿಸಿಕೊಂಡಿತು. 'ನಾ ಕದ್ದಿಲ್ಲ' ಅನ್ನಬಹುದಾಗಿತ್ತು ಅವನು. 'ಕದ್ದೋರ್ನ ಕಂಡಿಲ್ಲ' ಅನ್ನಲು ಬಾಯಿ ಬರುತ್ತಿರಲಿಲ್ಲ. ಕಂಡಿದ್ದ. ಹೇಳಿದರೆ ಮನೆಯ ಹಿರಿಯಳ ಮಾನ ಹೋಗುತ್ತದೆ, ಸುಳ್ಳು ಹೇಳಿದರೆ ಮನೆಯ ಹುಳ ಹೋಗುತ್ತದೆ. ಅದಕ್ಕೆ ತಾನೇ ಹೋಗುತ್ತೇನೆ ಅಂತ ನಿಂತಿದ್ದ.

ಗುರುವಾರ ಬೆಳಗಿನಿಂದ ನನಗೆ ಅದೇ ಯೋಚನೆ. ಬಾಯಲ್ಲಿ ಹೇಳಿದರೆ ಅಪ್ಪ ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ, ಕೂಗಾಡಿ ಅಜ್ಜಿಯನ್ನು ಬೀದಿಗೆ ತರುತ್ತಾರೆ. ಹೇಳದಿದ್ದರೆ ಪಾಪಯ್ಯ ನಾಳೆ ಹೊರಟ. ಕೊನೆಗೆ ಅನ್ನಿಸಿತು, ನಾನು ಹೇಳುವುದಕ್ಕಿಂತ ಅವರೇ ನೋಡಲಿ, ನಾನು ನೋಡಿದ ಜಾಗದಿಂದಲೇ ನೋಡಲಿ. ಅಷ್ಟು ಎತ್ತರದಲ್ಲಿ ಯಾರಿಗಾದರೂ ಕೂಗಾಡಲು ಮನಸ್ಸು ಬರುತ್ತದೆಯೇ?

ಸಂಜೆ ಅಪ್ಪನ ಮುಂದೆ ಹೋಗಿ ನಿಂತೆ.

"ಅಪ್ಪ, ಕಳ್ಳರ್ನ ನಾನು ತೋರಿಸ್ತೀನಿ. ಆದ್ರೆ ದೊಡ್ಡರಾಟೆ ಹತ್ಬೇಕು. ಕೆಳಗಿಳಿಯೋವರ್ಗೂ ಬಾಯಿ ಬಿಡಬಾರ್ದು."

ಅಪ್ಪ ಬೈದರು, ನಕ್ಕರು, ನನ್ನ ಮುಖ ನೋಡಿದರು, ಆಮೇಲೆ ಚಪ್ಪಲಿ ಮೆಟ್ಟಿದರು. ಬಯಲಿನ ಜನರೆಲ್ಲ ವೆಂಕಟರಾಮಪ್ಪನವರು ಬಂದರಲ್ಲ ಅಂತ ತಿರುಗಿ ತಿರುಗಿ ನೋಡುತ್ತಿದ್ದರು. ಸ್ವಲ್ಪ ಹೆಚ್ಚು ಹೊತ್ತು ಮೇಲೆ ನಿಲ್ಲಿಸು ಅಂತ ಮುನಿಗಂಗಪ್ಪನಿಗೆ ಹೇಳಿದ್ದೆ, ಹಣ್ಣಿನ ಋಣಕ್ಕೆ ಅವನು ಒಪ್ಪಿದ್ದ. ತೊಟ್ಟಿಲು ಏರುವಾಗ ಅಪ್ಪನ ಕೈ ನನ್ನ ಕೈಯನ್ನು ಹಿಡಿದುಕೊಂಡಿತು. ನನಗೆ ಧೈರ್ಯ ಹೇಳಲು ಅಂದುಕೊಂಡೆ, ಆಮೇಲೆ ನೋಡಿದರೆ ಅಪ್ಪನ ಹಣೆ ಬೆವರಿತ್ತು. ಊರೆಲ್ಲ ಹೆದರುವ ನಮ್ಮಪ್ಪನಿಗೂ ಹೆದರಿಕೆ ಇದೆ ಅನ್ನುವುದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ತುದಿಯಲ್ಲಿ ನಿಂತಿತು. ಏರಿ ಕಡೆ ಕೈ ತೋರಿಸಿದೆ.

ಅಜ್ಜಿ ಆಗ ತಾನೇ ಹೊರೆ ಹೊತ್ತು ತೋಟದಿಂದ ಹೊರಬಿದ್ದಿದ್ದಳು. ಅಪ್ಪನ ಕೈ ನನ್ನ ಕೈಯನ್ನು ಮುರಿದುಬಿಡುವಷ್ಟು ಬಿಗಿಯಿತು. ಏರಿ ಹತ್ತಿದಳು. ಆಚೆಯಿಂದ ಅತ್ತೆ ಓಡಿಬಂದಳು. ಮರದ ಕೆಳಗೆ ಇಬ್ಬರೂ ಕೂತರು. ಅತ್ತೆ ಅಜ್ಜಿಯ ಕಾಲು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು, ಅಷ್ಟು ದೂರಕ್ಕೂ ಅದು ಕಾಣುತ್ತಿತ್ತು. ಈಗ ಏನಂದಾರು, ಏನಂದಾರು ಅಂತ ಕಾಯುತ್ತಿದ್ದೆ.

ಅಪ್ಪ ಬಹಳ ಹೊತ್ತು ನೋಡಿದರು. ಮಾತು ಕೊಟ್ಟಿದ್ದನ್ನು ಮರೆತು ಮೆಲ್ಲಗೆ ಬಾಯಿ ಬಿಟ್ಟರು.

"ಸೊಪ್ಪಿನ್ ಮೇಲೆ ಒದ್ದೆ ಗೋಣಿ ಹೊದಿಸಿಲ್ವಲ್ಲೇ. ಆಚೆ ದಡಕ್ಕೆ ಹೋಗೋಷ್ಟರಲ್ಲಿ ಬಾಡೋಗುತ್ತೆ."

ಅಷ್ಟೇ ಅಂದದ್ದು. ಒದ್ದೆ ಗೋಣಿ ಹೊದಿಸದೆ ಸೊಪ್ಪು ಸಾಗಿಸುವುದನ್ನು ಅಪ್ಪ ಆಳುಗಳಿಗೂ ಬಿಡುತ್ತಿರಲಿಲ್ಲ. ಅಜ್ಜಿಗೂ ಗೊತ್ತು, ಆದರೆ ಹುಳದ ಕೋಣೆಯ ಗೋಣಿ ಎತ್ತಿಕೊಂಡರೆ ಅಪ್ಪನಿಗೆ ತಿಳಿಯುತ್ತದಲ್ಲ. ಕೆಳಗಿಳಿದ ಮೇಲೆ ಅಪ್ಪ ಮನೆಯವರೆಗೂ ನನ್ನ ಕೈ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಾಪಯ್ಯ ಮಿಂದು, ಬಟ್ಟೆಯ ಗಂಟು ಸಮೇತ ಬಂದು ನಡುಮನೆಯಲ್ಲಿ ನಿಂತ. ಹಲಗೆಯ ಮೇಲೆ ತಟ್ಟೆ ಇತ್ತು. ಅಪ್ಪ ಇನ್ನೂ ಒಳಗಿದ್ದರು. ಅಷ್ಟರಲ್ಲಿ ಅಜ್ಜಿ ಕೋಲು ಊರಿಕೊಂಡು ಬಂದಳು. ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳೂ ಮಿಂದಿದ್ದಳು. ಮೊದಲು ನಾನು ಮುಟ್ಟುತ್ತೇನೆ, ಪಕ್ಕಕ್ಕೆ ಸರಿ ಪಾಪಯ್ಯ ಅಂದಳು. ಮೂರು ದಿನ ಮಗಳ ಹುಳವನ್ನೂ ಪಾಪಯ್ಯನ ಮಾನವನ್ನೂ ತೂಗಿ ತೂಗಿ ನೋಡಿ, ಕೊನೆಗೆ ಅವಳೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಮೊದಲೇ ಮಾಡಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳುವವರು ಒಂದು ಹೆಣ್ಣು ಹೆತ್ತು ಆರು ವರ್ಷ ಅವಳ ಮುಖ ನೋಡದೆ ಇದ್ದು ಆಮೇಲೆ ಕೇಳಲಿ.

ಅಪ್ಪ ಒಳಗಿನಿಂದ ಬಂದರು. ಕೈಯಲ್ಲಿ ಹಿಂಡಿದ ಒದ್ದೆ ಗೋಣಿ.

"ಯಾರೂ ಏನೂ ಮುಟ್ಟೋದು ಬೇಡ. ಅಮ್ಮ, ಸಾಯಂಕಾಲ ಹೋಗೋವಾಗ ಇದನ್ನ ಹೊದಿಸ್ಕೊಂಡು ಹೋಗು."

ಅಜ್ಜಿ ಗೋಣಿಯನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ನನ್ನ ಕಡೆ ಒಂದು ನೋಟ ಹಾಕಿದಳು. ನಾನು ಸೂರು ನೋಡಿದೆ. ಅವಳು ಗೋಣಿಗೆ ಕೈ ಚಾಚಲಿಲ್ಲ, ಮೆಲ್ಲಗೆ ಕೆಳಗೆ ಕೂತು ಮಂಡಿ ನೀವಿಕೊಂಡಳು.

"ನಂಗೆ ಮಂಡಿ ನೋವು ಕಣಪ್ಪ. ನೀನೇ ಹೊತ್ಕೊಂಡೋಗು."

ಅಪ್ಪ ಪಾಪಯ್ಯನ ಹತ್ತಿರ ಹೋಗಿ ಅವನ ಬಟ್ಟೆಯ ಗಂಟನ್ನು ಇಸಿದುಕೊಂಡು ಮೊಳೆಗೆ ನೇತುಹಾಕಿದರು. ತಪ್ಪಾಯಿತು ಅಂದರೋ ಏನೋ, ತುಟಿ ಅಲುಗಿದ್ದು ಕಂಡೆ. ಪಾಪಯ್ಯ, ಸೊಪ್ಪಿನ ಹೊತ್ತಾಯ್ತು ಯಜಮಾನ್ರೇ ಅಂತ ಮಚ್ಚು ತೆಗೆದುಕೊಂಡು ತೋಟಕ್ಕೆ ನಡೆದ. ಬಾಗಿಲು ದಾಟುವಾಗ ಟವಲಿನಿಂದ ಕಣ್ಣು ಒರೆಸಿಕೊಂಡ.

ಆ ಸಂಜೆ ಅಜ್ಜಿ, ನನ್ನನ್ನೂ ಅದೇನೋ ರಾಟೆ ಹತ್ತಿಸೇ ಅಂದಳು. ಮುನಿಗಂಗಪ್ಪನೂ ನಾನೂ ಸೇರಿ ಅವಳನ್ನು ತೊಟ್ಟಿಲೊಳಗೆ ಕೂರಿಸಿದೆವು. ಏನೂ ಭಯಂ ಲೇದಮ್ಮಾ ಅಂತ ಅವನು ಹತ್ತು ಸಲ ಹೇಳಿದ. ದಿನಾ ಹೊರೆ ಹೊತ್ತು ಏರಿ ಹತ್ತಿದ ಗಟ್ಟಿಗಿತ್ತಿ ತೊಟ್ಟಿಲು ಅಲುಗಿದ್ದೇ ತಡ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖವನ್ನು ನನ್ನ ಭುಜಕ್ಕೆ ಒತ್ತಿದಳು. ತುದಿಯಲ್ಲಿ ರಾಟೆ ನಿಂತರೂ ಕಣ್ಣು ಬಿಡಲಿಲ್ಲ. ಏನು ಕಾಣುತ್ತೆ ಹೇಳೇ ಅಂದಳು.

ಹೇಳಿದೆ. ಅಪ್ಪ ಹೊರೆ ಹೊತ್ತು ಏರಿ ಹತ್ತುತ್ತಿದ್ದಾರೆ, ಒದ್ದೆ ಗೋಣಿ ಬಿಸಿಲಿಗೆ ಹೊಳೆಯುತ್ತಿದೆ. ಆಚೆ ಇಳಿದರು. ಮರದ ಕೆಳಗೆ ಹೊರೆ ಇಳಿಸಿದರು. ಅತ್ತೆ ಕೆರೆ ಅಂಗಳದಲ್ಲಿ ಓಡಿಬರುತ್ತಿದ್ದಾಳೆ. ನಿಂತುಬಿಟ್ಟಳು. ಅಪ್ಪನನ್ನು ನೋಡಿ ನಡು ಅಂಗಳದಲ್ಲೇ ನಿಂತಿದ್ದಾಳೆ.

"ಆಮೇಲೆ?" ಅಜ್ಜಿಯ ಉಗುರು ನನ್ನ ತೋಳಿಗೆ ನಾಟಿತ್ತು.

ಅಪ್ಪನೇ ಅವಳ ಕಡೆ ಹೆಜ್ಜೆ ಇಟ್ಟರು ಅಂದೆ. ಒಂದು, ಎರಡು, ಮೂರು ಹೆಜ್ಜೆ. ಎಂಜಿನ್ ಗುಡುಗಿತು, ತೊಟ್ಟಿಲು ಜಾರಿತು, ಏರಿ ಎದ್ದು ಬಂದು ಅವರಿಬ್ಬರನ್ನೂ ಮುಚ್ಚಿಕೊಂಡಿತು.

ಕೆಳಗೆ ಮುನಿಗಂಗಪ್ಪ ಇಳಿಸಿಕೊಳ್ಳಲು ಕೈ ಕೊಟ್ಟ. ಅಜ್ಜಿ ಅವನ ಕೈಯನ್ನು ಅತ್ತ ತಳ್ಳಿದಳು. ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಮೊದಲ ಸಲ ಕಣ್ಣು ಬಿಟ್ಟಳು.

"ನಾನಿಳಿಯಲ್ಲ ಕಣಪ್ಪ. ಇನ್ನೊಂದ್ ಸುತ್ತು ತಿರುಗ್ಸು, ಈ ಸಲ ನಾನೇ ನೋಡ್ತೀನಿ."